ಒಂದು ದ್ರಾವಕ ಬದಲಾಯಿಸಲು ಹಿಡಿದ ನಾಲ್ಕು ವರ್ಷ

ಪ್ರಯೋಗಾಲಯದ ಕೆಲಸ ಏಳು ತಿಂಗಳಲ್ಲಿ ಮುಗಿದಿತ್ತು. ಮೈಸೂರು ಸೀಮೆಯ ಔಷಧ ಕಾರ್ಖಾನೆಯೊಂದರ ಪ್ರಕ್ರಿಯೆ ಅಭಿವೃದ್ಧಿ ವಿಭಾಗದಲ್ಲಿ ನಾನಿದ್ದ ಕಾಲದ ಮಾತಿದು. ಒಂದು ಔಷಧದ ಮೂಲದ್ರವ್ಯವನ್ನು ನೀರಿನ ಪದರದಿಂದ ಬೇರ್ಪಡಿಸಲು ವರ್ಷಗಳಿಂದ ಬಳಸುತ್ತಿದ್ದ ಡೈಕ್ಲೋರೋಮೀಥೇನ್ ಎಂಬ ದ್ರಾವಕವನ್ನು, ಅಂದರೆ ಕರಗಿಸಿಕೊಳ್ಳುವ ದ್ರವವನ್ನು, ಕೈಬಿಟ್ಟು ಈಥೈಲ್ ಅಸಿಟೇಟ್ ಬಳಸಬಹುದೆಂದು ನಾವು ನಾಲ್ವರು ಸೇರಿ ತೋರಿಸಿಕೊಟ್ಟೆವು. ಇಳುವರಿ ಕುಸಿಯಲಿಲ್ಲ. ಶುದ್ಧತೆ ಮೊದಲಿಗಿಂತ ಕೂದಲೆಳೆಯಷ್ಟು ಮೇಲೇ ಇತ್ತು. ಬಳಸಿದ ದ್ರಾವಕವನ್ನು ಬಟ್ಟಿ ಇಳಿಸಿ ಮತ್ತೆ ಬಳಸುವುದೂ ಸಾಧ್ಯವಾಯಿತು. ಔಷಧದಲ್ಲಿ ಉಳಿಯಬಹುದಾದ ದ್ರಾವಕದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಡೈಕ್ಲೋರೋಮೀಥೇನ್ ಎರಡನೆಯ ವರ್ಗದಲ್ಲಿದ್ದು ಅದರ ಮಿತಿ 600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 600 ಭಾಗ) ಆಗಿದ್ದರೆ, ಈಥೈಲ್ ಅಸಿಟೇಟ್ ಮೂರನೆಯ, ಅಂದರೆ ಕಡಿಮೆ ಅಪಾಯದ ವರ್ಗದಲ್ಲಿದೆ. ಅದರ ಮಿತಿ 5000 ಪಿಪಿಎಂ. ರೋಗಿಗೂ ಒಳ್ಳೆಯದು, ರಿಯಾಕ್ಟರಿನ ಪಕ್ಕದಲ್ಲಿ ನಿಲ್ಲುವ ಆಪರೇಟರಿಗೂ ಒಳ್ಳೆಯದು, ಊರಿನ ಗಾಳಿಗೂ ಒಳ್ಳೆಯದು. ಹೀಗಿದ್ದರೂ ಆ ಬದಲಾವಣೆ ಉತ್ಪಾದನಾ ವಿಭಾಗಕ್ಕೆ ಇಳಿದದ್ದು ನಾಲ್ಕು ವರ್ಷಗಳ ನಂತರ.

ಈ ವಿಳಂಬಕ್ಕೆ ಯಾರ ಸೋಮಾರಿತನವೂ ಕಾರಣವಾಗಿರಲಿಲ್ಲ. ನಾವು ತಯಾರಿಸುತ್ತಿದ್ದ ಮೂಲದ್ರವ್ಯವನ್ನು ಕೊಳ್ಳುವ ಮಾತ್ರೆ ಕಂಪನಿಗಳು ಬೇರೆ ಬೇರೆ ದೇಶಗಳಲ್ಲಿದ್ದವು, ಮತ್ತು ಪ್ರತಿಯೊಂದು ದೇಶದ ಔಷಧ ನಿಯಂತ್ರಕರ ಬಳಿಯೂ ನಮ್ಮ ತಯಾರಿಕಾ ವಿಧಾನದ ಕಡತ ಇತ್ತು. ದ್ರಾವಕ ಬದಲಾದರೆ ಕಡತ ಬದಲಾಗಬೇಕು. ಕಡತ ಬದಲಾಗಬೇಕಾದರೆ ಹೊಸ ಬ್ಯಾಚುಗಳ ಕಲ್ಮಶಗಳ ವಿವರವೂ ತಿಂಗಳುಗಟ್ಟಲೆ ಕಾದು ಪಡೆಯುವ ಸ್ಥಿರತೆಯ ದತ್ತಾಂಶವೂ ಬೇಕು. ಅವೆಲ್ಲ ಸಿದ್ಧವಾದ ಮೇಲೂ ಒಂದು ದೇಶ ಆರು ತಿಂಗಳಲ್ಲಿ ಒಪ್ಪಿದರೆ ಇನ್ನೊಂದು ಎರಡು ವರ್ಷ ತೆಗೆದುಕೊಳ್ಳುತ್ತಿತ್ತು. ಅಷ್ಟೂ ದಿನ ಒಂದು ದೇಶಕ್ಕೆ ಹಳೆಯ ವಿಧಾನದ ಸರಕು, ಇನ್ನೊಂದು ದೇಶಕ್ಕೆ ಹೊಸ ವಿಧಾನದ ಸರಕು ಎಂದು ಎರಡು ಲೆಕ್ಕ ಇಡುವುದು ಯಾವ ಕಾರ್ಖಾನೆಗೂ ದುಬಾರಿಯೇ. ಇದರ ಜೊತೆಗೆ ಇಲ್ಲಿನ ಪರಿಸರ ಅನುಮತಿ ಪತ್ರದಲ್ಲಿ ನಮೂದಾಗಿದ್ದ ಕಚ್ಚಾವಸ್ತುಗಳ ಪಟ್ಟಿಯನ್ನೂ ತಿದ್ದಿಸಬೇಕಾಗಿತ್ತು. ಹೆಚ್ಚು ವಿಷಕಾರಿಯಾದುದನ್ನು ಬಿಟ್ಟು ಕಡಿಮೆ ವಿಷಕಾರಿಯಾದುದನ್ನು ಹಿಡಿಯುತ್ತೇವೆ ಎಂದು ಕೇಳಿಕೊಳ್ಳುವ ಅರ್ಜಿ, ಹೊಸ ಮಾಲಿನ್ಯವನ್ನು ಸೇರಿಸುತ್ತೇವೆ ಎಂದು ಕೇಳಿಕೊಳ್ಳುವ ಅರ್ಜಿಯ ಸಾಲಿನಲ್ಲಿಯೇ ನಿಂತಿತ್ತು.

ಈ ಅನುಭವ ನನಗೆ ಕಲಿಸಿದ್ದು ಒಂದೇ ಮಾತು, ಇಂದು ಬರೆಯಲು ಕುಳಿತದ್ದೂ ಅದಕ್ಕಾಗಿಯೇ. ರಸಾಯನ ಮತ್ತು ಔಷಧ ಉದ್ಯಮದಲ್ಲಿ ಸ್ವಚ್ಛವಾದ ದಾರಿಗಳು ಕಾಣದೆ ನಾವು ಹಿಂದುಳಿದಿಲ್ಲ. ಕಂಡ ದಾರಿಯಲ್ಲಿ ನಡೆದವನಿಗೆ ನಷ್ಟವಾಗದಂತೆ, ನಡೆಯದವನಿಗೆ ಲಾಭವಾಗದಂತೆ ನಿಯಮಗಳನ್ನು ಹೆಣೆದಿಲ್ಲ, ಆದ್ದರಿಂದ ಹಿಂದುಳಿದಿದ್ದೇವೆ.

ಕೊಂಚ ಲೆಕ್ಕ ಹೇಳಿದರೆ ವಿಷಯದ ತೂಕ ತಿಳಿಯುತ್ತದೆ. ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲಿ ಒಂದು ಸರಳ ಅಳತೆಯನ್ನು ಮುಂದಿಟ್ಟರು: ಒಂದು ಕಿಲೋ ಸರಕು ತಯಾರಾಗುವಷ್ಟರಲ್ಲಿ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬುದು. ಇದನ್ನು ಇ-ಫ್ಯಾಕ್ಟರ್ ಎನ್ನುತ್ತಾರೆ. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಅದು ಸುಮಾರು 0.1. ಭಾರಿ ಪ್ರಮಾಣದಲ್ಲಿ ತಯಾರಾಗುವ ರಾಸಾಯನಿಕಗಳಲ್ಲಿ ಒಂದರಿಂದ ಐದು. ಔಷಧಗಳಲ್ಲಿ 25ರಿಂದ 100, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ನಾವು ಕೊಳಕೆಂದು ಮೂಗು ಮುಚ್ಚಿಕೊಳ್ಳುವ ತೈಲ ಶುದ್ಧೀಕರಣಾಗಾರ, ಕಿಲೋ ಲೆಕ್ಕದಲ್ಲಿ, ಬಿಳಿ ಕೋಟು ತೊಟ್ಟು ತಯಾರಿಸುವ ಔಷಧಕ್ಕಿಂತ ನೂರಾರು ಪಟ್ಟು ಅಚ್ಚುಕಟ್ಟು. ಔಷಧದ ಅಣು ಜಟಿಲವಾದದ್ದು, ಅದನ್ನು ಆರೇಳು ಹಂತಗಳಲ್ಲಿ ಕಟ್ಟಬೇಕು, ಪ್ರತಿ ಹಂತದಲ್ಲೂ ಕರಗಿಸಿ, ತೊಳೆದು, ಒಣಗಿಸಬೇಕು; ಹಾಗಾಗಿ ಒಳಗೆ ಹೋಗುವ ಸಾಮಗ್ರಿಯ ಬಹುಪಾಲು ದ್ರಾವಕವೇ ಆಗಿರುತ್ತದೆ. ದ್ರಾವಕದ ಆಯ್ಕೆ ಸಣ್ಣ ವಿಷಯವಲ್ಲ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ಮೊದಲು ಆಗಬೇಕಾದದ್ದು, ಒಳ್ಳೆಯದರ ಕಡೆಗಿನ ಬದಲಾವಣೆಗೆ ಪ್ರತ್ಯೇಕ ದಾರಿ. ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಸಮನ್ವಯ ಮಂಡಳಿ 2019ರಲ್ಲಿ ಅಂಗೀಕರಿಸಿದ ಕ್ಯು-12 ಮಾರ್ಗಸೂಚಿಯ ಆಶಯ ಇದೇ: ಯಾವ ಬದಲಾವಣೆಗೆ ಮುಂಗಡ ಅನುಮತಿ ಬೇಕು, ಯಾವುದನ್ನು ತಿಳಿಸಿದರೆ ಸಾಕು ಎಂಬುದನ್ನು ಕಂಪನಿ ಮತ್ತು ನಿಯಂತ್ರಕರು ಮೊದಲೇ ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಕಾಗದದ ಮೇಲೆ ಇದು ಸೊಗಸಾಗಿದೆ. ನಡೆಯಬೇಕಾದರೆ ನಿಯಂತ್ರಕರ ಕಚೇರಿಯಲ್ಲಿ ಪ್ರಕ್ರಿಯಾ ರಸಾಯನವನ್ನು ಬಲ್ಲವರು ಸಾಕಷ್ಟು ಸಂಖ್ಯೆಯಲ್ಲಿರಬೇಕು. ತಿಳಿದವರು ಇಲ್ಲದ ಕಡೆ ಎಲ್ಲ ಬದಲಾವಣೆಯೂ ಅಪಾಯವಾಗಿಯೇ ಕಾಣುತ್ತದೆ, ಮತ್ತು ಹಾಗೆ ಕಾಣುವ ಅಧಿಕಾರಿಯನ್ನು ನಾನು ದೂರುವುದಿಲ್ಲ. ರೋಗಿಯ ಸುರಕ್ಷತೆಯ ಹೊಣೆ ಹೊತ್ತವರು ಗೊತ್ತಿಲ್ಲದ್ದನ್ನು ತಡೆಯುವುದು ಸಹಜ.

ನಿಯಮಗಳು ಉದ್ಯಮದ ಶತ್ರು ಎಂಬ ಮಾತನ್ನು ನಾನು ವೃತ್ತಿಯುದ್ದಕ್ಕೂ ಕೇಳಿದ್ದೇನೆ, ಎಂದೂ ಒಪ್ಪಿಲ್ಲ. ರಸಾಯನ ಉದ್ಯಮದ ಇತಿಹಾಸವೇ ಅದಕ್ಕೆ ಎದುರು ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಲೆಬ್ಲಾಂಕ್ ವಿಧಾನದಿಂದ ಸೋಡಾ ತಯಾರಿಸುವ ಕಾರ್ಖಾನೆಗಳು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಚಿಮಣಿಯಿಂದ ನೇರ ಆಕಾಶಕ್ಕೆ ಬಿಡುತ್ತಿದ್ದವು. ಸುತ್ತಲಿನ ಮರಗಳು ಒಣಗುತ್ತಿದ್ದವು, ಬೆಳೆ ಸುಡುತ್ತಿತ್ತು. ಆ ಅನಿಲವನ್ನು ಗೋಪುರದೊಳಗೆ ನೀರು ಹರಿಸಿ ಹೀರಿಸುವ ಉಪಾಯವನ್ನು ವಿಲಿಯಂ ಗೊಸೇಜ್ 1836ರಲ್ಲೇ ಕಂಡುಹಿಡಿದಿದ್ದರು. ಬಹುತೇಕ ಕಾರ್ಖಾನೆಗಳು ಅದನ್ನು ಮನಸ್ಸಿಟ್ಟು ಬಳಸಲಿಲ್ಲ. ಬಳಸದವನ ಸೋಡಾ ಅಗ್ಗವಾಗಿತ್ತಲ್ಲವೇ. 1863ರಲ್ಲಿ ಬ್ರಿಟಿಷ್ ಸಂಸತ್ತು ಆಲ್ಕಲಿ ಕಾಯ್ದೆಯನ್ನು ತಂದಿತು: ಹುಟ್ಟುವ ಅನಿಲದಲ್ಲಿ ಶೇಕಡ 95ರಷ್ಟನ್ನು ತಡೆಯಲೇಬೇಕು. ಪರಿಶೀಲನೆಗೆ ನೇಮಕವಾದವರು ರಾಬರ್ಟ್ ಆಂಗಸ್ ಸ್ಮಿತ್, ಸ್ವತಃ ರಸಾಯನ ವಿಜ್ಞಾನಿ, ಆಮ್ಲ ಮಳೆ ಎಂಬ ಹೆಸರನ್ನು ಕೊಟ್ಟವರು. ಇಪ್ಪತ್ತೇಳು ವರ್ಷ ಮೂಲೆಯಲ್ಲಿದ್ದ ಗೋಪುರ ಎಲ್ಲೆಡೆ ಎದ್ದು ನಿಂತಿತು. ಅಷ್ಟೇ ಅಲ್ಲ, ಹೀಗೆ ಹಿಡಿದಿಟ್ಟ ಆಮ್ಲ ರಾಶಿಬಿದ್ದಾಗ ಅದರಿಂದ ಕ್ಲೋರಿನ್ ತೆಗೆದು ಬ್ಲೀಚಿಂಗ್ ಪುಡಿ ಮಾಡುವ ವೆಲ್ಡನ್ ಮತ್ತು ಡೀಕನ್ ವಿಧಾನಗಳು ಆ ದಶಕದಲ್ಲಿಯೇ ಬಂದವು. ನಿನ್ನೆಯ ವಿಷ ಇಂದಿನ ಸರಕಾಯಿತು.

ಆ ಕಾಯ್ದೆಯ ಸೊಬಗು ಇರುವುದು ಅದು ಬಳಸಿದ ಭಾಷೆಯಲ್ಲಿ. ಎಷ್ಟು ತಡೆಯಬೇಕು ಎಂದು ಹೇಳಿತು, ಹೇಗೆ ತಡೆಯಬೇಕು ಎಂಬುದನ್ನು ತಯಾರಕನಿಗೇ ಬಿಟ್ಟಿತು, ಮತ್ತು ಎಲ್ಲರಿಗೂ ಒಂದೇ ಅಂಕಿಯನ್ನು ಇಟ್ಟಿತು. ನಮ್ಮಲ್ಲಿ ಎಷ್ಟೋ ಸಲ ಇದು ತಲೆಕೆಳಗಾಗುತ್ತದೆ. ಕಾರ್ಖಾನೆಯಿಂದ ಒಂದು ಹನಿ ದ್ರವವೂ ಹೊರಹೋಗಬಾರದು ಎಂಬ ಷರತ್ತನ್ನು ನೋಡಿ. ಅದರ ಹಿಂದಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಕಾರ್ಖಾನೆಗಳಿರುವ ನಂಜನಗೂಡಿನ ಪಕ್ಕ ಹರಿಯುವ ಕಪಿಲೆಯ ನೀರು ಮೈಸೂರಿನ ನಲ್ಲಿಗಳಿಗೂ ಬರುತ್ತದೆ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಮುಂದಿನ ಊರುಗಳಿಗೂ ಹರಿಯುತ್ತದೆ. ಆದರೆ ಷರತ್ತು ಪೂರೈಸಲು ಕಾರ್ಖಾನೆಗಳು ಹಾಕುವ ಬಹುಹಂತದ ಬಾಷ್ಪೀಕರಣ ಯಂತ್ರಗಳು ಹಗಲಿರುಳು ಉಗಿಯನ್ನು ನುಂಗುತ್ತವೆ, ಆ ಉಗಿಗಾಗಿ ಬಾಯ್ಲರು ಉರಿಯುತ್ತದೆ, ಕೊನೆಗೆ ಉಳಿಯುವ ಬೆರಕೆ ಉಪ್ಪು ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹೋಗುತ್ತದೆ. ಪ್ರಕ್ರಿಯೆಯನ್ನೇ ಬದಲಿಸಿ ಕೊಳಚೆ ನೀರನ್ನು ಅರ್ಧಕ್ಕೆ ಇಳಿಸಿದವನಿಗೂ, ಏನನ್ನೂ ಬದಲಿಸದೆ ಕೊನೆಯಲ್ಲಿ ಯಂತ್ರ ಕೂರಿಸಿದವನಿಗೂ ಕಾಗದದ ಮೇಲೆ ಒಂದೇ ಅಂಕ ಸಿಗುತ್ತದೆ. ಆರಂಭದಲ್ಲೇ ತ್ಯಾಜ್ಯ ಹುಟ್ಟದಂತೆ ಮಾಡುವವನಿಗೆ ಅನುಮತಿಯ ಅವಧಿಯಲ್ಲಿಯೋ, ಉತ್ಪನ್ನ ಬದಲಿಸುವ ಸ್ವಾತಂತ್ರ್ಯದಲ್ಲಿಯೋ ಏನಾದರೂ ಲಾಭ ಕಾಣಬೇಕು.

ನಿಯಮಗಳ ಸ್ಥಿರತೆ ಇನ್ನೊಂದು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಕರಡಿನಲ್ಲಿ, ಬಲ್ಕ್ ಡ್ರಗ್, ಅಂದರೆ ಔಷಧದ ಮೂಲದ್ರವ್ಯ ತಯಾರಿಸುವ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಪ್ರತಿಜೈವಿಕಗಳ (ಆಂಟಿಬಯೋಟಿಕ್‌ಗಳ) ಉಳಿಕೆ ಎಷ್ಟಿರಬಹುದು ಎಂಬ ಮಿತಿಗಳಿದ್ದವು. ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಹುಟ್ಟುವುದನ್ನು ತಡೆಯುವ ದಿಟ್ಟ ಹೆಜ್ಜೆ ಅದು. ಕೆಲವರು ಅದನ್ನು ನಂಬಿ ಅಳೆಯುವ ಸಾಧನಗಳಿಗೂ ಕಿಣ್ವಗಳಿಂದ ಉಳಿಕೆಯನ್ನು ಒಡೆಯುವ ಸಂಶೋಧನೆಗೂ ಯೋಜನೆ ಹಾಕಿಕೊಂಡಿದ್ದನ್ನು ನಾನು ಬಲ್ಲೆ. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ಮೂರು ವರ್ಷಗಳ ನಂತರ, 2024ರ ಸೆಪ್ಟೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೇ ಪ್ರತಿಜೈವಿಕ ಕಾರ್ಖಾನೆಗಳ ತ್ಯಾಜ್ಯದ ಬಗ್ಗೆ ಮಾರ್ಗದರ್ಶನ ಪ್ರಕಟಿಸಿತು. ನಾವೇ ಮುಂದೆ ಇರಬಹುದಾಗಿತ್ತು. ಮಿತಿ ಕಠಿಣವಾಗಿತ್ತೆಂದರೆ ಐದು ವರ್ಷದ ಗಡುವು ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ತರಬಹುದಿತ್ತು. ಹೂಡಿಕೆಗೆ ಮುಂದಾದವನ ನಂಬಿಕೆ ಒಮ್ಮೆ ಹುಸಿಯಾದರೆ, ಮುಂದಿನ ಕರಡನ್ನು ಅವನು ಗಂಭೀರವಾಗಿ ಓದುವುದಿಲ್ಲ.

ಈಗ ಕೊಳ್ಳುವವರ ಮಾತಿಗೆ ಬರುತ್ತೇನೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಔಷಧ ಖರೀದಿ ನಡೆಯುವುದು ಟೆಂಡರಿನ ಮೂಲಕ, ಮತ್ತು ಗುಣಮಟ್ಟದ ಅರ್ಹತೆ ಪಡೆದವರಲ್ಲಿ ಅತಿ ಕಡಿಮೆ ದರ ಹೇಳಿದವನಿಗೆ ಅದು ಸಲ್ಲುತ್ತದೆ. ಬಡ ರೋಗಿಗೆ ಔಷಧ ಅಗ್ಗವಾಗಿ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡಿದವನ ಮಾತ್ರೆಗೆ ಹತ್ತು ಪೈಸೆ ಹೆಚ್ಚು ಬಿದ್ದು, ರಾತ್ರಿ ಹಳ್ಳಕ್ಕೆ ಬಿಟ್ಟವನ ಮಾತ್ರೆ ಹತ್ತು ಪೈಸೆ ಕಡಿಮೆಗೆ ಬಂದರೆ, ಸರ್ಕಾರದ ಹಣವೇ ಹಳ್ಳವನ್ನು ಕೆಡಿಸಲು ಸಂಬಳ ಕೊಟ್ಟಂತೆ. ನಾರ್ವೆಯ ಆಸ್ಪತ್ರೆಗಳ ಖರೀದಿ ಸಂಸ್ಥೆ ಪ್ರತಿಜೈವಿಕಗಳ ಟೆಂಡರಿನಲ್ಲಿ ಪರಿಸರದ ಮಾನದಂಡಕ್ಕೆ ಶೇಕಡ 30ರಷ್ಟು ತೂಕ ಕೊಟ್ಟದ್ದುಂಟು. ನಾವು ಶೇಕಡ ಹತ್ತರಿಂದ ಶುರುಮಾಡಿದರೂ ಅದರ ಪರಿಣಾಮ ಕಾರ್ಖಾನೆಗಳ ಒಳಗೆ ಒಂದೇ ವರ್ಷದಲ್ಲಿ ಕಾಣುತ್ತದೆ ಎಂದು ನನಗೆ ಖಚಿತವಿದೆ, ಏಕೆಂದರೆ ಆಡಳಿತ ಮಂಡಳಿಯ ಸಭೆಯಲ್ಲಿ ಮಾರಾಟ ವಿಭಾಗದ ಮಾತಿಗೆ ಸಿಗುವ ಕಿವಿ ಪರಿಸರ ವಿಭಾಗದ ಮಾತಿಗೆ ಸಿಗುವುದನ್ನು ನಾನು ನೋಡಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶವೂ ಇಲ್ಲಿ ನೆನಪಾಗುತ್ತದೆ. ದೇಶದಲ್ಲೇ ಸಂಶೋಧಿಸಿ ಪೇಟೆಂಟ್ ಪಡೆದ ಹೊಸ ವಿಧಾನದಿಂದ ಹೊಸ ಔಷಧವನ್ನು ತಯಾರಿಸಿದರೆ ಐದು ವರ್ಷಗಳ ವಿನಾಯಿತಿಯನ್ನು ಅದು ಕೊಡುತ್ತದೆ. ಮನೆಮನೆಯಲ್ಲೂ ಇರುವ ಹಳೆಯ ಔಷಧವೊಂದನ್ನು ಅರ್ಧದಷ್ಟು ತ್ಯಾಜ್ಯದಲ್ಲಿ ತಯಾರಿಸಿದವನಿಗೆ ಅಂಥ ವಿನಾಯಿತಿ ಯಾಕೆ ಇರಬಾರದು? ಟನ್ನುಗಟ್ಟಲೆ ತಯಾರಾಗುವುದು, ಟನ್ನುಗಟ್ಟಲೆ ತ್ಯಾಜ್ಯ ಹುಟ್ಟಿಸುವುದು ಆ ಹಳೆಯ ಔಷಧಗಳೇ.

ಖರೀದಿದಾರನಾಗಿ ಸರ್ಕಾರ ಏನು ಮಾಡಬಲ್ಲದು ಎಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ, ಬನ್ನಿಮಂಟಪದ ಕಡೆ ನಡೆದರೆ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಮಹಾಚುನಾವಣೆಯಿಂದ ದೇಶಕ್ಕೆ ಮತದಾನದ ಶಾಯಿಯನ್ನು ಒದಗಿಸುತ್ತ ಬಂದಿದೆ. ಬೆರಳಿನ ಮೇಲೆ ಉಳಿಯುವ ಆ ಗುರುತಿನ ಹಿಂದೆ ಸಿಲ್ವರ್ ನೈಟ್ರೇಟಿನ ರಸಾಯನವಿದೆ. ಸೂತ್ರ ರೂಪುಗೊಂಡದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಪರವಾನಗಿ ಕೊಟ್ಟದ್ದು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ. ಕೊಳ್ಳುವ ಭರವಸೆ ಚುನಾವಣಾ ಆಯೋಗದ್ದು. ಸಾರ್ವಜನಿಕ ಪ್ರಯೋಗಾಲಯ, ತಯಾರಿಸುವ ಕೈ, ಕೊಳ್ಳುವುದಾಗಿ ಮೊದಲೇ ಹೇಳಿದ ಗ್ರಾಹಕ: ಈ ಮೂರೂ ಒಂದೆಡೆ ಸೇರಿದ್ದರಿಂದ ಅರವತ್ತು ವರ್ಷ ದಾಟಿದ ಮೇಲೂ ಅದು ನಿಂತಿದೆ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದಾಗಲೂ ಅದನ್ನು ಕೈಗೆತ್ತಿಕೊಂಡು ಮಾರುಕಟ್ಟೆಗೆ ಒಯ್ಯಲು ಅಮುಲ್ ಇತ್ತು. ಹಸಿರು ದ್ರಾವಕಕ್ಕೋ, ಕಿಣ್ವದಿಂದ ನಡೆಯುವ ಹಂತಕ್ಕೋ ಅಂಥ ಖಚಿತ ಕೊಳ್ಳುಗ ಇಂದು ಇಲ್ಲ.

ಪೇಟೆಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧದ ಅಣುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದರಿಂದ ಔಷಧ ಅಗ್ಗವಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದರಿಂದ ಒಂದೇ ಅಣುವಿಗೆ ಹತ್ತು ದಾರಿ ಹುಡುಕುವ ಪ್ರಕ್ರಿಯಾ ರಸಾಯನಜ್ಞರ ಒಂದು ಇಡೀ ತಲೆಮಾರು ಈ ದೇಶದಲ್ಲಿ ಬೆಳೆಯಿತು ಎಂಬುದನ್ನು ಕಡಿಮೆ ಜನ ಹೇಳುತ್ತಾರೆ. ನಾನು ಆ ತಲೆಮಾರಿನವರ ಕೈಕೆಳಗೆ ಕಲಿತವನಾದ್ದರಿಂದ ಹೇಳುತ್ತಿದ್ದೇನೆ. 2005ರಲ್ಲಿ ಉತ್ಪನ್ನಕ್ಕೂ ಪೇಟೆಂಟ್ ಬಂದ ಮೇಲೆ ಆ ಕುಶಲತೆಯನ್ನು ಸ್ವಚ್ಛ ವಿಧಾನಗಳ ಕಡೆಗೆ ತಿರುಗಿಸುವ ನೀತಿಯೊಂದು ಬೇಕಾಗಿತ್ತು. ಐಬುಪ್ರೊಫೆನ್ ಕಥೆ ಇದಕ್ಕೆ ಒಳ್ಳೆಯ ಪಾಠ. ಬೂಟ್ಸ್ ಕಂಪನಿಯ ಮೊದಲ ವಿಧಾನದಲ್ಲಿ ಆರು ಹಂತಗಳಿದ್ದು, ಬಳಸಿದ ಪರಮಾಣುಗಳಲ್ಲಿ ಶೇಕಡ 40 ಮಾತ್ರ ಔಷಧಕ್ಕೆ ಸೇರುತ್ತಿದ್ದವು. ಪೇಟೆಂಟ್ ಮುಗಿದು ಪೈಪೋಟಿ ತೆರೆದುಕೊಂಡಾಗ ವೇಗವರ್ಧಕಗಳನ್ನು ಬಳಸುವ ಮೂರೇ ಹಂತದ ವಿಧಾನ ಬಂತು, ಪರಮಾಣುಗಳ ಬಳಕೆ ಶೇಕಡ 77ಕ್ಕೆ ಏರಿತು, 1992ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಅದರ ಕಾರ್ಖಾನೆ ಶುರುವಾಯಿತು. ಕಡಿಮೆ ತ್ಯಾಜ್ಯ ಮತ್ತು ಕಡಿಮೆ ಖರ್ಚು ಅಲ್ಲಿ ಕೈಹಿಡಿದು ನಡೆದವು. ಹೊಸ ವಿಧಾನಕ್ಕೆ ಸಿಗುವ ರಕ್ಷಣೆ ಗಟ್ಟಿಯಾಗಿದ್ದು, ಹಳೆಯ ಅಣುವಿನ ಮೇಲೆ ಪೈಪೋಟಿ ಮುಕ್ತವಾಗಿದ್ದರೆ ಮಾತ್ರ ಹೀಗಾಗುತ್ತದೆ.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕಾರ್ಖಾನೆಯೊಳಗಿನ ಸಂಶೋಧನೆಯ ವೆಚ್ಚದ ಶೇಕಡ 200ರಷ್ಟನ್ನು ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಲು ಇದ್ದ ಅವಕಾಶ 2017ರಲ್ಲಿ 150ಕ್ಕೂ 2020ರಲ್ಲಿ 100ಕ್ಕೂ ಇಳಿಯಿತು. 2020ರಲ್ಲಿ ಮೂಲದ್ರವ್ಯಗಳ ದೇಶೀ ತಯಾರಿಕೆಗೆ 6,940 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಯೋಜನೆ ಬಂತು; ಹುದುಗು ವಿಧಾನದ ಉತ್ಪನ್ನಗಳಿಗೆ ಮೊದಲ ನಾಲ್ಕು ವರ್ಷ ಮಾರಾಟದ ಮೇಲೆ ಶೇಕಡ 20, ರಾಸಾಯನಿಕ ಸಂಶ್ಲೇಷಣೆಗೆ ಶೇಕಡ 10. ಒಳ್ಳೆಯದೇ. ಆದರೆ ಎಷ್ಟು ಮಾರಿದೆ ಎಂಬುದನ್ನು ಅಳೆಯುವ ಆ ಯೋಜನೆ ಕಿಲೋಗೆ ಎಷ್ಟು ತ್ಯಾಜ್ಯ ಎಂಬುದನ್ನು ಅಳೆದು ಹಣ ಕೊಡುವುದಿಲ್ಲ. ಸಣ್ಣ ಕಾರ್ಖಾನೆಗಳಿಗೆ ಬೇಕಾದದ್ದು ಇನ್ನೂ ಸರಳ: ಐದು ಲೀಟರಿನ ಗಾಜಿನ ಪಾತ್ರೆಯಲ್ಲಿ ಗೆದ್ದದ್ದನ್ನು ಐನೂರು ಲೀಟರಿನಲ್ಲಿ ಪರೀಕ್ಷಿಸಲು ಬಾಡಿಗೆಗೆ ಸಿಗುವ ಒಂದು ಹಂಚಿಕೆಯ ಪ್ರಾಯೋಗಿಕ ಸ್ಥಾವರ. ರಸಾಯನಶಾಸ್ತ್ರ ಕಲಿಸುವ ವಿಶ್ವವಿದ್ಯಾನಿಲಯ, ಫಾರ್ಮಸಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಇರುವ ಮೈಸೂರು, ಕಾರ್ಖಾನೆಗಳಿರುವ ನಂಜನಗೂಡಿನಿಂದ ಅರ್ಧ ಗಂಟೆಯ ದಾರಿ. ಇದಕ್ಕಿಂತ ತಕ್ಕ ಜಾಗ ನನಗೆ ತೋಚದು.

ಕೊನೆಗೆ ನಮ್ಮ ಈಥೈಲ್ ಅಸಿಟೇಟಿಗೇ ಮರಳುತ್ತೇನೆ. ಅದನ್ನು ಎಥನಾಲಿನಿಂದ ತಯಾರಿಸಬಹುದು, ಅದಕ್ಕೆ ಬೇಕಾದ ಅಸಿಟಿಕ್ ಆಮ್ಲವನ್ನೂ ಎಥನಾಲಿನಿಂದಲೇ ತಯಾರಿಸಬಹುದು, ಎಥನಾಲು ಹುಟ್ಟುವುದು ಕಾಕಂಬಿಯಿಂದ. ಅಂದರೆ ಮೈಷುಗರ್ ಕಾರ್ಖಾನೆ 1933ರಲ್ಲಿ ಶುರುವಾದಂದಿನಿಂದ ಕಬ್ಬು ಅರೆಯುತ್ತ ಬಂದ ಮಂಡ್ಯ ಜಿಲ್ಲೆ, ನಂಜನಗೂಡಿನ ಔಷಧಕ್ಕೆ ಪೆಟ್ರೋಲಿಯಂ ಅಂಶವಿಲ್ಲದ ದ್ರಾವಕವನ್ನು ಕೊಡಬಲ್ಲದು. ಇದಕ್ಕೆ ಅಡ್ಡಬಂದಿರುವುದು ರಸಾಯನವಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲಿಗೆ ಕೇಂದ್ರ ಸರ್ಕಾರ ದರ ನಿಗದಿ ಮಾಡುತ್ತದೆ. ಆ ಖಚಿತ ದರ ಬಿಟ್ಟು ರಸಾಯನ ಕಾರ್ಖಾನೆಗೆ ಯಾಕೆ ಮಾರಬೇಕು ಎಂದು ಡಿಸ್ಟಿಲರಿಯವರು ಕೇಳುವುದು ನ್ಯಾಯವೇ. 2023ರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದನ್ನು ಒಮ್ಮೆಲೇ ನಿಲ್ಲಿಸಲಾಯಿತು, ಹತ್ತು ದಿನವೂ ಕಳೆಯುವ ಮೊದಲು ಮಿತಿಯೊಂದಿಗೆ ಮತ್ತೆ ಬಿಡಲಾಯಿತು, ಮರುವರ್ಷದ ಆಗಸ್ಟಿನಲ್ಲಿ ನಿರ್ಬಂಧ ತೆಗೆಯಲಾಯಿತು. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಎಂಟಕ್ಕೆ ಒಂದರ ಬಹುಮತದಿಂದ, ಕೈಗಾರಿಕಾ ಮದ್ಯಸಾರವೂ ರಾಜ್ಯಗಳ ನಿಯಂತ್ರಣಾಧಿಕಾರಕ್ಕೆ ಬರುತ್ತದೆ ಎಂದಿತು. ಹಾಗಾಗಿ ಈಗ ರಾಜ್ಯ ಸರ್ಕಾರಕ್ಕೂ ಒಂದು ಅವಕಾಶವಿದೆ: ಔಷಧ ಮತ್ತು ರಸಾಯನ ತಯಾರಿಕೆಗೆ ಹೋಗುವ ಎಥನಾಲಿನ ಶುಲ್ಕ ಮತ್ತು ಸಾಗಣೆ ಪರವಾನಗಿಗಳನ್ನು ಕುಡಿಯುವ ಮದ್ಯದಿಂದ ಬೇರ್ಪಡಿಸಿ, ಹತ್ತು ವರ್ಷ ಬದಲಾಗದ ದರವೊಂದನ್ನು ಬರೆದುಕೊಡಬಹುದು.

ನಾನು ಕೆಲಸ ಬಿಡುವ ದಿನದವರೆಗೂ ನಮ್ಮ ಈಥೈಲ್ ಅಸಿಟೇಟ್ ಬರುತ್ತಿದ್ದದ್ದು ಬೇರೆ ರಾಜ್ಯದಿಂದ, ಟ್ಯಾಂಕರಿನಲ್ಲಿ, ಮೂರು ದಿನದ ಪ್ರಯಾಣ ಮಾಡಿ. ಮಂಡ್ಯದಿಂದ ನಂಜನಗೂಡಿಗೆ ಎಪ್ಪತ್ತು ಕಿಲೋಮೀಟರ್ ಇರಬಹುದು.